ಗೊಣ್ಣೆ ಹುಳುವಿನ ಮೈಹೊಕ್ಕು ಕೊಲ್ಲುವ ಜಂತು

ಕಬ್ಬಿನ ಗರಿ ಹಳದಿಗೆ ತಿರುಗಿ, ಹಿಡಿದೆಳೆದರೆ ಬುಡ ಸಮೇತ ಸಲೀಸಾಗಿ ಕಿತ್ತು ಬಂದರೆ ಗೊಣ್ಣೆ ಹುಳು ಬೇರು ತಿಂದು ಮುಗಿಸಿದೆ ಎಂದೇ ಲೆಕ್ಕ. ಬೆಳಗಾವಿ, ಬಾಗಲಕೋಟೆ ಕಡೆಯ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆಗ ಅಂಗಡಿಗೆ ಓಡಿ ವಿಷ ತಂದು ಸುರಿದರೆ ಅದರಲ್ಲಿ ಹೆಚ್ಚಿನದು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬಲಿತ ಹುಳು ಕೆಳಗೆ ಬೇರಿನ ನಡುವೆ ಸುರುಳಿ ಸುತ್ತಿ ಕೂತಿರುತ್ತದೆ. ಅದಿರುವಲ್ಲಿಗೇ ಹುಡುಕಿಕೊಂಡು ಹೋಗಿ ಕೊಲ್ಲುವ ಜೀವಿಯೊಂದು ನಮ್ಮ ಮಣ್ಣಿನಲ್ಲೇ ಇದೆ. ಅದು ಹೇಗೆ ಕೊಲ್ಲುತ್ತದೆ ಎಂಬುದು ಗೊತ್ತಿದ್ದರೆ ಯಾವಾಗ, ಹೇಗೆ ಹಾಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಇದರ ಹೆಸರು ಹೆಟೆರೊರ್‍ಹಾಬ್ಡಿಟಿಸ್ ಇಂಡಿಕಾ. ಕೊಯಮತ್ತೂರಿನ ಕಬ್ಬಿನ ನೆಲದಲ್ಲಿ ಸಿಕ್ಕ ಈ ಜಂತುವನ್ನು 1992ರಲ್ಲಿ ಹೊಸ ಜಾತಿಯೆಂದು ಗುರುತಿಸಲಾಯಿತು. ಜಂತು ಅಂದೊಡನೆ ಟೊಮೆಟೊ, ಬದನೆಯ ಬೇರುಗಂಟು ನೆನಪಾಗಿ ರೈತರು ಹಿಂಜರಿಯುತ್ತಾರೆ. ಆ ಜಂತುವಿನ ಬಾಯಲ್ಲಿ ಬೇರು ಚುಚ್ಚುವ ಮುಳ್ಳಿರುತ್ತದೆ, ಇದಕ್ಕೆ ಅದಿಲ್ಲ. ಬೆಳೆಗೆ, ಎರೆಹುಳುವಿಗೆ, ದನಕರುಗಳಿಗೆ, ನಮಗೆ ಇದರಿಂದ ತೊಂದರೆಯಿಲ್ಲ.

ಹುಳುವಿನ ಬೇಟೆಗೆ ಹೊರಡುವುದು ಮೂರನೇ ಹಂತದ ಮರಿ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಈ ಹಂತದಲ್ಲಿ ಅದರ ಬಾಯಿ ಮುಚ್ಚಿರುತ್ತದೆ, ಏನನ್ನೂ ತಿನ್ನುವುದಿಲ್ಲ. ಮೈಯಲ್ಲಿರುವ ಕೊಬ್ಬೇ ದಾರಿಯ ಬುತ್ತಿ. ಮಣ್ಣಿನ ಕಣಗಳ ಸುತ್ತ ಅಂಟಿಕೊಂಡ ತೆಳುನೀರಿನಲ್ಲಿ ಈಜುತ್ತ, ಗೊಣ್ಣೆ ಹುಳು ಬಿಡುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದು ಸಾಗುತ್ತದೆ. ಬಾಯಿ, ಗುದದ್ವಾರ, ಉಸಿರಾಟದ ರಂಧ್ರ, ಎಲ್ಲಿ ದಾರಿ ಸಿಕ್ಕರೆ ಅಲ್ಲಿಂದ ಒಳಗೆ ನುಗ್ಗುತ್ತದೆ. ಈ ಜಾತಿಗೆ ತಲೆಯ ತುದಿಯಲ್ಲೊಂದು ಪುಟ್ಟ ಹಲ್ಲಿದ್ದು, ತೆಳುವಾದ ಚರ್ಮವನ್ನು ಹರಿದೂ ಒಳಹೋಗಬಲ್ಲದು.

ಗೊಣ್ಣೆ ಹುಳುವೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅದರ ಉಸಿರುರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದೆ. ಮೇಲಿಂದ ಮೇಲೆ ಹಿಕ್ಕೆ ಹಾಕಿ ಹೊಟ್ಟೆಗೆ ಬಂದದ್ದನ್ನು ಹೊರತಳ್ಳುತ್ತದೆ. ದಪ್ಪಗೆ ಬಲಿತ ಮೇಲಂತೂ ಜಂತುವಿಗೆ ಸುಲಭದಲ್ಲಿ ಬಗ್ಗದು. ಎಳೆಯ ಹುಳುವೇ ಗುರಿಯಾಗಬೇಕು ಎನ್ನುವುದು ಈ ಕಾರಣಕ್ಕೆ.

ಒಳಹೊಕ್ಕ ಜಂತು ತನ್ನ ಕರುಳಿನಲ್ಲಿ ಹೊತ್ತು ತಂದ ಫೋಟೊರ್‍ಹಾಬ್ಡಸ್ ಎಂಬ ಬ್ಯಾಕ್ಟೀರಿಯಾವನ್ನು ಹುಳುವಿನ ರಕ್ತಕ್ಕೆ ಕಕ್ಕುತ್ತದೆ. ಹುಳುವನ್ನು ಕೊಲ್ಲುವುದು ಮುಖ್ಯವಾಗಿ ಈ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಬೇರೆ ಸೂಕ್ಷ್ಮಜೀವಿಗಳು ಹತ್ತಿರ ಸುಳಿಯದಂತೆ ಬ್ಯಾಕ್ಟೀರಿಯಾ ಪ್ರತಿಜೈವಿಕಗಳನ್ನು ಸ್ರವಿಸುವುದರಿಂದ ಹೆಣ ಕೊಳೆಯುವುದಿಲ್ಲ, ನಾರುವುದಿಲ್ಲ. ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಗಾಢ ಕತ್ತಲೆಯಲ್ಲಿ ಕಣ್ಣು ಹೊಂದಿಸಿಕೊಂಡು ನೋಡಿದರೆ ಮಂದವಾಗಿ ಹೊಳೆಯುವುದೂ ಉಂಟು, ಈ ಬ್ಯಾಕ್ಟೀರಿಯಾ ಬೆಳಕು ಸೂಸುವ ಜಾತಿಯದು! ಜಂತು ಅದನ್ನೂ ಹುಳುವಿನ ಒಳಮೈಯನ್ನೂ ಉಂಡು ಬೆಳೆಯುತ್ತದೆ. ಮೊದಲ ತಲೆಮಾರಿನ ಜಂತುವಿನಲ್ಲಿ ಗಂಡು ಹೆಣ್ಣು ಎರಡೂ ಅಂಶ ಇರುವುದರಿಂದ ಒಂದೇ ಒಂದು ಒಳಹೊಕ್ಕರೂ ಸಂತತಿ ಸಾಗುತ್ತದೆ. ಸುಮಾರು ಎರಡು ವಾರದಲ್ಲಿ, ದೊಡ್ಡ ಹುಳುವಾದರೆ ಲಕ್ಷಕ್ಕೂ ಮೀರಿ ಹೊಸ ಮರಿಗಳು ಹೊರಬಂದು ಮುಂದಿನ ಬೇಟೆಗೆ ಹೊರಡುತ್ತವೆ.

ಈಗ ಹೊಲದ ಮಾತು. ರೋಹಿಣಿ ಮಳೆ ಬಿದ್ದು ನೆಲ ನೆನೆದಾಗ ಗೊಣ್ಣೆ ಹುಳು ಬೆಳೆದು ಆದ ದುಂಬಿಗಳು ಮುಸ್ಸಂಜೆ ಎದ್ದು ಬೇವು, ಜಾಲಿ ಮರಗಳ ಮೇಲೆ ಕೂರುತ್ತವೆ. ಕೊಂಬೆ ಅಲ್ಲಾಡಿಸಿ ಬೀಳಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ತಪ್ಪಿಸಿಕೊಂಡವು ಇಟ್ಟ ಮೊಟ್ಟೆಯೊಡೆದು ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಮಣ್ಣಿನಲ್ಲಿ ಎಳೆಯ ಹುಳುಗಳಿರುತ್ತವೆ. ಜಂತು ಹಾಕಬೇಕಾದದ್ದು ಆಗ. ಆಶ್ಲೇಷಾ ದಾಟಿ ಕಬ್ಬು ಹಳದಿಯಾಗುವವರೆಗೆ ಕಾದರೆ ಹುಳು ಬಲಿತಿರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ಜಂತುವನ್ನು ನೀರಿನಲ್ಲಿ ಕಲಸುವ ಪುಡಿಯ ರೂಪಕ್ಕೆ ತಂದಿದೆ. ಎಕರೆಗೆ ಸುಮಾರು 100 ಕೋಟಿ ಮರಿ ಬೇಕು. ಅಷ್ಟಕ್ಕೆ ಎಷ್ಟು ಕಿಲೋ ಪುಡಿ ಎಂಬುದನ್ನು ಪೊಟ್ಟಣ ನೋಡಿ ಲೆಕ್ಕ ಹಾಕಿ. ಕೊಂಡ ದಿನಾಂಕಕ್ಕಿಂತ ತಯಾರಾದ ದಿನಾಂಕ ಮುಖ್ಯ. ಬುತ್ತಿ ಮುಗಿದ ಜಂತು ಪೊಟ್ಟಣದಲ್ಲೇ ಸಾಯುತ್ತದೆ. ಕಲಸಿ ಸ್ವಲ್ಪ ಹೊತ್ತು ಬಿಟ್ಟು, ಕಪ್ಪು ತಟ್ಟೆಯ ಮೇಲೆ ಒಂದು ಹನಿ ಹಾಕಿ ಭೂತಗನ್ನಡಿಯಲ್ಲಿ ನೋಡಿ. ಹೊರಳಾಡುತ್ತಿದ್ದರೆ ಜೀವವಿದೆ. ಎಲ್ಲವೂ ನೆಟ್ಟಗೆ ಚಾಚಿ ಅಲುಗಾಡದೆ ಬಿದ್ದಿದ್ದರೆ ಹೊಲಕ್ಕೆ ಹಾಕಿ ಪ್ರಯೋಜನವಿಲ್ಲ, ಅಂಗಡಿಯವರನ್ನು ಕೇಳಿ.

ಬಿಸಿಲು ತಗುಲಿದರೆ ಕೆಲವೇ ನಿಮಿಷಗಳಲ್ಲಿ ಸಾಯುವ ಜೀವಿಯಿದು, ಹಾಗಾಗಿ ಸಂಜೆಯೇ ಸರಿ. ಒಣಮಣ್ಣಿನಲ್ಲಿ ಈಜಲಾರದು: ಮೊದಲು ನೀರು ಕಟ್ಟಿ, ಮಣ್ಣು ಹದವಾದ ಮೇಲೆ ಬುಡಕ್ಕೆ ಸುರಿದು, ಮತ್ತೆ ತೆಳುವಾಗಿ ನೀರು ಕೊಡಿ. ಆಮೇಲೆ ಎರಡು ವಾರ ತೇವ ಆರಬಾರದು. ಆದರೆ ನೀರು ನಿಂತರೆ ಜಂತುವಿಗೆ ಉಸಿರು ಕಟ್ಟುತ್ತದೆ. ರವದಿ ಇದ್ದರೆ ಸರಿಸಿ ಸುರಿದು, ಮತ್ತೆ ಮುಚ್ಚಿ. ಪಂಪಿನ ನಾಜಲಿನ ಸಣ್ಣ ಜಾಲರಿ ತೆಗೆದಿಡಿ, ದ್ರಾವಣ ಆಗಾಗ ಕದಡಿ, ಅಂದೇ ಮುಗಿಸಿ. ಅದೇ ಪಂಪಿಗೆ ಕೀಟನಾಶಕ ಬೆರೆಸಬೇಡಿ.

ಹತ್ತು ದಿನ ಬಿಟ್ಟು ಅಲ್ಲಲ್ಲಿ ಬುಡ ಅಗೆದು ನೋಡಿ. ಇಟ್ಟಿಗೆ ಬಣ್ಣದ ಮೆತ್ತನೆ ಹುಳು ಸಿಕ್ಕರೆ ಒಡೆಯಬೇಡಿ, ಬಿಸಿಲಿಗೆ ಎಸೆಯಬೇಡಿ. ಬಿಳಿ ಹುಳು ಇನ್ನೂ ಹೆಚ್ಚಾಗಿರುವ ಸಾಲಿನಲ್ಲಿ, ಹಸಿಮಣ್ಣಿನೊಳಗೆ ನಾಲ್ಕು ಬೆರಳು ಆಳಕ್ಕೆ ಹೂತುಬಿಡಿ.