ದೂಧ್‌ಸಾಗರ: ಹಾಲಿನ ಕಥೆ, ನೀರಿನ ಬಿಳುಪು

ಕರ್ನಾಟಕ ಮತ್ತು ಗೋವಾ ಗಡಿಯ ಘಟ್ಟದ ಕಾಡಿನಲ್ಲಿ ದೂಧ್‌ಸಾಗರ ಜಲಪಾತವಿದೆ. ಎತ್ತರ ಸುಮಾರು 310 ಮೀಟರ್. ಇಲ್ಲಿ ಧುಮುಕಿದ ನೀರು ಮುಂದೆ ಮಾಂಡೋವಿಯನ್ನು ಸೇರಿ, ಪಣಜಿಯ ಬಳಿ ಕಡಲು ಮುಟ್ಟುತ್ತದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಗೋವೆಯ ಮಾಂಡೋವಿ.

ದೂಧ್‌ಸಾಗರ ಎಂದರೆ ಹಾಲಿನ ಕಡಲು. ಮೊದಲು ಈ ಹೆಸರಿನ ಕಥೆ ಕೇಳೋಣ. ಹಿಂದೆ ಈ ಕಾಡಿನ ಅರಮನೆಯಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ. ದಿನವೂ ಸಖಿಯರೊಡನೆ ಕೊಳದಲ್ಲಿ ಮಿಂದು, ಚಿನ್ನದ ಹೂಜಿಯಲ್ಲಿ ತಂದ ಸಕ್ಕರೆ ಹಾಲು ಕುಡಿಯುತ್ತಿದ್ದಳು. ಒಂದು ದಿನ ಮರಗಳ ಮರೆಯಿಂದ ರಾಜಕುಮಾರನೊಬ್ಬ ನೋಡುತ್ತಿರುವುದು ಕಣ್ಣಿಗೆ ಬಿತ್ತು. ಕೂಡಲೇ ಅವಳು ಹೂಜಿಯ ಹಾಲನ್ನು ಮುಂದೆ ಸುರಿದಳು. ಹಾಲು ಪರದೆಯಾಗಿ ಇಳಿಯಿತು. ಅದರ ಹಿಂದೆ ಸಖಿಯರು ಅವಳಿಗೆ ಸೀರೆ ಸುತ್ತಿದರು. ಆ ಹಾಲೇ ಇಂದಿಗೂ ಹರಿಯುತ್ತಿದೆ ಎನ್ನುತ್ತಾರೆ ಜನ.

ಈಗ ಬಂಡೆಯ ಕಡೆ ನೋಡಿ. ಜೋಗ ಜಲಪಾತದಲ್ಲಿ ರಾಜ ಎಂಬ ಧಾರೆ ಒಂದೇ ನೆಗೆತಕ್ಕೆ ಕೆಳಗೆ ಬೀಳುತ್ತದೆ. ದೂಧ್‌ಸಾಗರದ ನೀರು ಹಂತ ಹಂತವಾಗಿ, ಬಂಡೆಗೆ ಬಡಿಯುತ್ತಾ ಇಳಿಯುತ್ತದೆ. ಪ್ರತಿ ಹಂತದಲ್ಲೂ ಒಡೆದು ಹನಿಯಾಗುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ. ನೀರಿಗೆ ಬಣ್ಣವಿಲ್ಲ. ಆದರೆ ಲೆಕ್ಕವಿಲ್ಲದಷ್ಟು ಹನಿ, ಗುಳ್ಳೆಗಳ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಎಲ್ಲ ಬಣ್ಣಗಳೂ ಸಮನಾಗಿ ಚದುರುವುದರಿಂದ ಕಣ್ಣಿಗೆ ಬಿಳುಪು ಕಾಣುತ್ತದೆ.

ಹಾಲು ಬೆಳ್ಳಗಿರುವುದೂ ಹೀಗೆಯೇ. ಅದರಲ್ಲಿ ತೇಲುವ ಜಿಡ್ಡಿನ ಹನಿಗಳು ಮತ್ತು ಪ್ರೋಟೀನಿನ ಕಣಗಳು ಬೆಳಕನ್ನು ಚದುರಿಸುತ್ತವೆ. ನೊರೆನೀರನ್ನು ಹಾಲಿಗೆ ಹೋಲಿಸಿದ ಜನಪದರ ಕಣ್ಣು ಎಷ್ಟು ನಿಖರ ಎಂದು ಇದರಿಂದ ತಿಳಿಯುತ್ತದೆ. ಕಥೆಯಲ್ಲಿ ಹಾಲು ಪರದೆಯಾಯಿತು. ಮಳೆಗಾಲದಲ್ಲಿ ನೊರೆಯೂ ಹಿಂದಿನ ಬಂಡೆಯನ್ನು ಹಾಗೆಯೇ ಮರೆಮಾಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ ಹೊರಗೆ ಕಾಣುತ್ತದೆ.

ನೋಡುವುದು ಹೇಗೆ? ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಗೆ ಇಳಿಯುವ ರೈಲು ಜಲಪಾತದ ಎದುರಿನ ಸೇತುವೆ ದಾಟುತ್ತದೆ. ಮಳೆಗಾಲದಲ್ಲಿ ಕಿಟಕಿಯಿಂದಲೇ ನೋಡಿ. ಹಳಿಯ ಮೇಲೆ ನಡೆಯುವುದು ಅಪಾಯ, ಅಪರಾಧವೂ ಹೌದು. ಮಳೆ ನಿಂತ ಮೇಲೆ ಕುಳೆಯಿಂದ ಕಾಡಿನ ದಾರಿಯಲ್ಲಿ ಜೀಪುಗಳು ಹೋಗುತ್ತವೆ. ಇದು ಭಗವಾನ್ ಮಹಾವೀರ ಅಭಯಾರಣ್ಯ, ಪ್ಲಾಸ್ಟಿಕ್ ಬಿಸಾಡಬೇಡಿ. ಮಕ್ಕಳ ಜೊತೆ ಹೋದರೆ ಮೊದಲು ಕಥೆ ಹೇಳಿ, ಆಮೇಲೆ ಬಿಳುಪಿನ ಕಾರಣ ಕೇಳಿ. ಉತ್ತರವನ್ನು ಅವರೇ ನೀರಿನಲ್ಲಿ ಹುಡುಕಲಿ.