ಮೊದಲೊಂದು ಮನೆ ಕಂಡ ನಾಯಿ

ಬೇರೊಬ್ಬರ ಮನೆಯಲ್ಲಿ ಬೆಳೆದ ನಾಯಿಯನ್ನು ತಂದು ಸಾಕುವುದು ಮರಿಯನ್ನು ಸಾಕುವಂಥ ಕೆಲಸವಲ್ಲ. ಮರಿಗೆ ಎಲ್ಲವನ್ನೂ ಹೊಸದಾಗಿ ಕಲಿಸಬಹುದು. ಬೆಳೆದ ನಾಯಿಯ ಊಟದ ಹೊತ್ತು, ಮಲಗುವ ಜಾಗ, ಭಯ, ಸಲಿಗೆ ಎಲ್ಲವೂ ಆಗಲೇ ಗಟ್ಟಿಯಾಗಿರುತ್ತವೆ. ಹೊಸ ಮನೆಯವರು ನಾಯಿಯ ಜೊತೆಗೇ ಅದರ ಹಿಂದಿನ ಬದುಕಿನ ವಿವರವನ್ನೂ ಕೇಳಿ ಪಡೆಯಬೇಕು.

ಬೆಂಗಳೂರಿನಂಥ ಊರಲ್ಲಿ ಸಾಕುನಾಯಿ ಕೈ ಬದಲಾಯಿಸಲು ಕಾರಣಗಳು ಹಲವು: ವಿದೇಶದ ಕೆಲಸ, ವರ್ಗಾವಣೆ, ಮನೆಗೆ ಬಂದ ಕೂಸು, ಬಾಡಿಗೆ ಮನೆಯ ಮಾಲೀಕರ ತಕರಾರು, ಸಾಕಿದ ಹಿರಿಯರ ಸಾವು. ಇವುಗಳಲ್ಲಿ ನಾಯಿಯ ತಪ್ಪೇನೂ ಇಲ್ಲ. ಆದರೆ ‘ನೋಡಿಕೊಳ್ಳಲು ಪುರುಸೊತ್ತಿಲ್ಲ’ ಎಂಬ ಮಾತಿನ ಹಿಂದೆ ಕಚ್ಚಿದ ಪ್ರಸಂಗವೊಂದು ಅಡಗಿರುವುದೂ ಉಂಟು. ‘ಕಚ್ಚುತ್ತದೆಯೇ?’ ಎಂದು ಕೇಳಿದರೆ ಬಹುತೇಕರು ಇಲ್ಲವೆನ್ನುತ್ತಾರೆ. ಉಣ್ಣುವಾಗ ತಟ್ಟೆಗೆ ಕೈ ಹಾಕಿದರೆ ಏನು ಮಾಡುತ್ತದೆ, ನಿದ್ದೆಯಲ್ಲಿದ್ದಾಗ ಮಗು ಮುಟ್ಟಿದರೆ ಏನಾಗುತ್ತದೆ, ಪಟಾಕಿ ಸದ್ದಿಗೆ ಎಲ್ಲಿ ಅವಿತುಕೊಳ್ಳುತ್ತದೆ, ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು ಎಂದು ಬಿಡಿಸಿ ಕೇಳಿದಾಗ ನಿಜ ಹೊರಬರುತ್ತದೆ. ಹಳೆಯ ಮನೆಗೆ ಒಮ್ಮೆಯಾದರೂ ಊಟದ ಹೊತ್ತಿಗೆ ಹೋಗಿ, ನಾಯಿ ತನ್ನವರ ನಡುವೆ ಹೇಗಿರುತ್ತದೆಂದು ನೋಡುವುದು ಒಳ್ಳೆಯದು.

ಯಜಮಾನರಿಗಿಂತ ಹೆಚ್ಚು ಗೊತ್ತಿರುವವರು ಆ ಮನೆಯಲ್ಲಿ ಬೇರೆಯೇ ಇರಬಹುದು. ಈ ಲೇಖಕಿಯ ಮನೆಗೆ ಬಂದ ಲ್ಯಾಬ್ರಡಾರ್ ಜೂಲಿಯ ಹಳೆಯ ಒಡೆಯರು ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಿದ್ದರು. ದಿನವೂ ಅನ್ನ ಕಲಸಿ ಹಾಕುತ್ತಿದ್ದವರು ಮಾತ್ರ ಕನ್ನಡದ ಮನೆಗೆಲಸದಾಕೆ. ‘ಬಾರೇ, ಕೂತ್ಕೋ’ ಎಂಬ ಅವರ ಮಾತಿಗೆ ಅದು ತಕ್ಷಣ ಕೂರುತ್ತಿತ್ತು. ಮೊಸರನ್ನ ಹಾಕಿದರೆ ಮೊದಲು ಮೊಸರು ನೆಕ್ಕುವುದು, ಮಿಕ್ಸಿ ಸದ್ದಿಗೆ ಬಾಲ ಮುದುರುವುದು, ಲಿಫ್ಟ್ ಹತ್ತಲು ಅಂಜುವುದು ಎಲ್ಲವೂ ತಿಳಿದುಬಂದದ್ದು ಅವರಿಂದಲೇ. ನಾಯಿ ತರುವವರು ಅಂಥವರನ್ನು ಹುಡುಕಿ ಮಾತಾಡಿಸಬೇಕು.

ಕಾಗದಪತ್ರಗಳಲ್ಲಿ ಲಸಿಕೆ ಪುಸ್ತಕ ಮುಖ್ಯ. ರೇಬೀಸ್ ಲಸಿಕೆ ಹಾಕಿಸಿದ ತಾರೀಖು, ಜಂತುಹುಳುವಿನ ಮದ್ದು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬುದು ಅದರಲ್ಲಿರಬೇಕು. ಶಸ್ತ್ರಚಿಕಿತ್ಸೆಯಾಗದ, ವಯಸ್ಸಾದ ಹೆಣ್ಣುನಾಯಿಗಳಲ್ಲಿ ಗರ್ಭಕೋಶ ಕೀವುಗಟ್ಟುವುದುಂಟು. ಅದು ಪ್ರಾಣಕ್ಕೇ ಎರವಾಗಬಲ್ಲದು. ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆಯನ್ನು ಹೊಸ ಮನೆಯವರ ಹೆಸರು, ಫೋನಿಗೆ ವರ್ಗಾಯಿಸಬೇಕು. ನಾಯಿಯನ್ನು ಒಪ್ಪಿಸಿದ ಬಗ್ಗೆ ಇಬ್ಬರೂ ಸಹಿ ಮಾಡಿದ ಒಂದು ಪತ್ರವಿದ್ದರೆ ಮುಂದೆ ಜಗಳಕ್ಕೆ ಎಡೆಯಿಲ್ಲ. ಬಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಕಡೆ ಉಣ್ಣೆ ಜ್ವರ ಬಹಳ ಸಾಮಾನ್ಯ. ಎರ್ಲಿಕಿಯಾ, ಬೆಬಿಸಿಯಾದಂಥ ಸೋಂಕು ಕೆಲವೊಮ್ಮೆ ತಿಂಗಳುಗಟ್ಟಲೆ ಒಳಗೇ ಇದ್ದು, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಬರುವುದು ಮುಂತಾಗಿ ತಡವಾಗಿ ಕಾಣಿಸಿಕೊಳ್ಳುತ್ತದೆ.

ಮೊದಲ ದಿನಗಳ ದೊಡ್ಡ ಅಪಾಯ ತೆರೆದ ಬಾಗಿಲು. ಹಳೆಯ ಮನೆಯನ್ನು ಹುಡುಕಿಕೊಂಡು ಹೊರಟ ನಾಯಿಗೆ ಹೊಸ ಬೀದಿಯ ಗುರುತಿರುವುದಿಲ್ಲ, ಸಂಚಾರದ ಅರಿವಿರುವುದಿಲ್ಲ, ಬೀದಿನಾಯಿಗಳು ಬೇರೆ ಅಟ್ಟಿಸಿಕೊಂಡು ಬರುತ್ತವೆ. ಹೊಸ ಫೋನ್ ನಂಬರಿನ ಬಿಲ್ಲೆ ನಾಯಿ ಬಂದ ಗಳಿಗೆಯಿಂದಲೇ ಕೊರಳಲ್ಲಿರಬೇಕು. ಕೊರಳಪಟ್ಟಿ ಜಾರಿದರೂ ಕೈತಪ್ಪದಂತೆ ಎದೆಪಟ್ಟಿಯನ್ನೂ ಹಾಕಿ ಹೊರಗೆ ಕರೆದೊಯ್ಯಬೇಕು.

ಹೆಸರು, ಊಟದ ಹೊತ್ತು, ತಟ್ಟೆ, ಹಾಸಿಗೆ ಯಾವುದನ್ನೂ ಕೂಡಲೇ ಬದಲಿಸಬಾರದು. ಹಳೆಯ ಮನೆಯ ಒಗೆಯದ ಬೆಡ್‌ಶೀಟ್ ಒಂದನ್ನು ಕೇಳಿ ತರಬೇಕು. ವಾಸನೆಯಿಂದಲೇ ಲೋಕವನ್ನು ಅರಿಯುವ ಪ್ರಾಣಿಗೆ ಪರಿಚಿತ ವಾಸನೆಯಷ್ಟು ಸಮಾಧಾನ ಕೊಡುವುದು ಬೇರೊಂದಿಲ್ಲ. ಆಹಾರ ಬದಲಿಸಲೇಬೇಕಿದ್ದರೆ ಹಳೆಯದರಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ವಾರ ಹತ್ತು ದಿನ ತೆಗೆದುಕೊಳ್ಳಬೇಕು, ಇಲ್ಲವಾದರೆ ಭೇದಿ ಆಗಬಹುದು. ಬಂದ ದಿನವೇ ಸ್ನಾನ ಮಾಡಿಸುವುದು, ನೆಂಟರನ್ನು ಕರೆದು ತೋರಿಸುವುದು, ಮಕ್ಕಳು ತಬ್ಬಿಕೊಳ್ಳುವುದು ನಾಯಿಯ ದಿಗಿಲನ್ನು ಹೆಚ್ಚಿಸುತ್ತವೆ. ಅದಾಗಿ ಬಳಿ ಬರುವವರೆಗೆ ಕಾಯಬೇಕು.

ಕೆಲವು ನಾಯಿಗಳು ಊಟ ಬಿಟ್ಟು ಬಾಗಿಲ ಬಳಿ ಕೂರುತ್ತವೆ. ಅದು ಹಟವಲ್ಲ, ದುಃಖ. ನೀರು ಕುಡಿಯುತ್ತಿದ್ದು ಲವಲವಿಕೆ ಉಳಿದಿದ್ದರೆ ಒಂದೆರಡು ದಿನ ನೋಡಬಹುದು. ಅದಕ್ಕೂ ಮೀರಿದರೆ ವೈದ್ಯರಿಗೆ ತೋರಿಸಬೇಕು. ನಾಯಿಯ ನಿಜವಾದ ಸ್ವಭಾವ ಪೂರ್ತಿ ತಿಳಿಯಲು ತಿಂಗಳುಗಳೇ ಬೇಕು. ಮೊದಲ ವಾರ ಮೂಲೆಯಲ್ಲಿ ತೆಪ್ಪಗಿದ್ದದ್ದು ಆಮೇಲೆ ಕರೆಗಂಟೆಗೆಲ್ಲ ಬೊಗಳತೊಡಗಿದರೆ, ಮನೆಯನ್ನು ತನ್ನದೆಂದು ಒಪ್ಪಿಕೊಳ್ಳುತ್ತಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಹಳೆಯ ಒಡೆಯರಿಗೆ ಫೋಟೋ ಕಳಿಸುತ್ತಿರುವುದು ಸೌಜನ್ಯ. ಆದರೆ ನಾಯಿ ಹೊಂದಿಕೊಳ್ಳುವ ಮೊದಲೇ ಅವರು ನೋಡಲು ಬರುವುದು ಒಳ್ಳೆಯದಲ್ಲ. ಅವರು ಹೊರಟ ಮೇಲೆ ಬಾಗಿಲ ಬಳಿಯ ಕಾವಲು ಮತ್ತೆ ಮೊದಲಾಗುತ್ತದೆ.

ಎಲ್ಲ ಎಚ್ಚರ ವಹಿಸಿದರೂ ಕೆಲವೊಮ್ಮೆ ಹೊಂದಾಣಿಕೆ ಆಗದು. ಮನೆಯಲ್ಲಿರುವ ಇನ್ನೊಂದು ನಾಯಿಯ ಜೊತೆ ಕಾದಾಟ ನಿಲ್ಲದಿರಬಹುದು, ಮಗುವಿಗೆ ಅಪಾಯ ಕಾಣಬಹುದು. ಹಾಗಾದರೆ ನಾಯಿ ಎಲ್ಲಿಗೆ ಹೋಗಬೇಕೆಂಬುದನ್ನು ತರುವ ಮುನ್ನವೇ ಇಬ್ಬರೂ ಮಾತಾಡಿ, ಒಪ್ಪಿಸುವ ಪತ್ರದಲ್ಲೇ ಬರೆದಿಡಬೇಕು. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಕೊಡುವವರು ಕಚ್ಚಿದ್ದನ್ನಾಗಲಿ ಕಾಯಿಲೆಯನ್ನಾಗಲಿ ದಯವಿಟ್ಟು ಮುಚ್ಚಿಡಬಾರದು; ಮುಚ್ಚಿಟ್ಟದ್ದು ಗೊತ್ತಾದ ದಿನ ಮನೆ ಕಳೆದುಕೊಳ್ಳುವುದು ಆ ನಾಯಿಯೇ.