ಬೆಲ್ಲದ ಹಾಲೂ ಮಗುವಿನ ಹಲ್ಲೂ

ಹಲ್ಲು ನೋಯುವ ವರೆಗೆ ಹಲ್ಲಿನ ನೆನಪು ನಮಗೆ ಬರುವದು ಅಪರೂಪ. ಕೆಲವು ತಿಂಗಳ ಹಿಂದೆ ನಾನು ಒಂದು ಹಳ್ಳಿಯ ಮನೆಯಲ್ಲಿ ಕೂತಿರುವಾಗ ಆ ಮನೆಯ ಅಜ್ಜಿಯು ಮೂರು ವರುಷದ ಮೊಮ್ಮಗನನ್ನು ಎತ್ತಿಕೊಂಡು ಬಂದು ಅವನ ಮೇಲ್ತುಟಿಯನ್ನು ಸರಿಸಿ ತೋರಿಸಿದಳು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳೂ ಕಂದುಬಣ್ಣಕ್ಕೆ ತಿರುಗಿ ಬುಡದ ವರೆಗೆ ಕರಗಿ ಹೋಗಿದ್ದವು, ಕೆಳಗಿನವುಗಳಾದರೋ ಬೆಳ್ಳಗಿದ್ದವು. “ಮೇಷ್ಟ್ರೇ, ನಮ್ಮ ಮನೆಗೆ ಸಕ್ಕರೆಯನ್ನೇ ತರುವದಿಲ್ಲ, ಎಲ್ಲಾದಕ್ಕೂ ಬೆಲ್ಲವೇ. ಕೆಂಪು ಹಲ್ಲುಪುಡಿಯಿಂದ ನಾನೇ ಇವನ ಹಲ್ಲು ತಿಕ್ಕುತ್ತೇನೆ. ಆದರೂ ಹೀಗಾಯಿತಲ್ಲಾ! ಇನ್ನು ಯಾವ ಪುಡಿ ತರಲಿ?” ಎಂದು ಕೇಳಿದಳು. ನಾನು ಪುಡಿಯ ಮಾತನ್ನು ಬಿಟ್ಟು, ಮಗುವು ರಾತ್ರಿ ಹೇಗೆ ಮಲಗುತ್ತದೆಂದು ವಿಚಾರಿಸಿದೆನು. ಬೆಲ್ಲ ಹಾಕಿದ ಹಾಲಿನ ಬಾಟ್ಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುತ್ತದೆಂದೂ, ನಡುರಾತ್ರಿ ಎದ್ದು ಅತ್ತರೆ ತಿರಿಗಿ ಅದನ್ನೇ ಕೊಡುತ್ತಾರೆಂದೂ ತಿಳಿಯಿತು.

ಇದರಲ್ಲಿ ನಡೆಯುವದೇನಂದರೆ, ನಮ್ಮೆಲ್ಲರ ಬಾಯಲ್ಲಿಯೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಲ್ಲಿನ ಮೇಲೆ ಪಾಚಿಯ ಹಾಗೆ ಅಂಟಿಕೊಂಡಿರುತ್ತವೆ. ನಾವು ಸಿಹಿಯನ್ನು ತಿಂದಾಗ ಅವೂ ತಿಂದು ಹುಳಿಯನ್ನು ಹೊರಡಿಸುತ್ತವೆ. ಆ ಹುಳಿಯು ಹಲ್ಲಿನ ಗಟ್ಟಿಯಾದ ಹೊರಪದರದಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಹಲ್ಲಿಗೆ ಹುಳ ಬಿತ್ತೆಂದು ನಾವು ಹೇಳುವದುಂಟು. ಅದು ಹುಳವಲ್ಲ, ಹುಳಿ. ಸುಮಾರು ಅರ್ಧ ತಾಸು ಕಳೆದ ಮೇಲೆ ಉಗುಳು ಆ ಹುಳಿಯನ್ನು ತೊಳೆದು, ಹೋದ ಸುಣ್ಣದಲ್ಲಿ ಒಂದು ಪಾಲನ್ನು ತಿರಿಗಿ ಹಲ್ಲಿಗೆ ಸೇರಿಸುತ್ತದೆ. ಆದರೆ ನಿದ್ದೆಯಲ್ಲಿ ಉಗುಳು ಬಹಳ ಕಡಿಮೆಯಾಗುತ್ತದೆ. ಬಾಟ್ಲಿ ಚೀಪುವಾಗ ಕೆಳಗಿನ ಹಲ್ಲುಗಳನ್ನು ನಾಲಿಗೆಯು ಮರೆಮಾಡುತ್ತದೆ. ಮೇಲಿನವುಗಳು ಇರುಳೆಲ್ಲಾ ಬೆಲ್ಲದ ಹಾಲಿನಲ್ಲಿ ನೆನೆಯುತ್ತವೆ. ಹಾಲುಹಲ್ಲು ಹೇಗೂ ಬಿದ್ದುಹೋಗುವದೆಂದು ಸುಮ್ಮನಿರಬಾರದು, ಯಾಕಂದರೆ ಅದರ ಬುಡದಲ್ಲಿ ಕೀವಾದರೆ ಒಳಗೆ ಬೆಳೆಯುವ ಶಾಶ್ವತ ಹಲ್ಲಿಗೂ ಕೇಡು ತಟ್ಟಬಹುದು.

ಎಷ್ಟು ಸಿಹಿ ತಿಂದೆವು ಎಂಬದಕ್ಕಿಂತಲೂ ಎಷ್ಟು ಸಾರಿ ತಿಂದೆವು ಎಂಬದು ಹಲ್ಲಿಗೆ ಹೆಚ್ಚು ಮುಖ್ಯವೆಂದು ಲೋಕಕ್ಕೆ ತಿಳಿದುಬಂದ ರೀತಿಯು ದುಃಖಕರವಾದದ್ದು. ಸ್ವೀಡನ್ ದೇಶದ ಲುಂಡ್ ಪಟ್ಟಣದ ವಿಪೆಹೊಲ್ಮ್ ಆಸ್ಪತ್ರೆಯಲ್ಲಿ ಬುದ್ಧಿ ಬೆಳೆಯದವರನ್ನು ಇಟ್ಟು ನೋಡಿಕೊಳ್ಳುತ್ತಿದ್ದರು. 1940ರ ದಶಕದ ಕೊನೆಯಲ್ಲಿ ಅವರಲ್ಲಿ ಕೆಲವರಿಗೆ ಸಕ್ಕರೆಯನ್ನು ಊಟದ ಜೊತೆಯಲ್ಲಿ ಕೊಟ್ಟರು. ಬೇರೆ ಕೆಲವರಿಗೆ ಹಲ್ಲಿಗೆ ಅಂಟುವ ಟಾಫಿಗಳನ್ನು, ದಿನಕ್ಕೆ 24ರ ವರೆಗೂ, ಊಟಗಳ ನಡುವೆಯೂ ತಿನ್ನಲು ಕೊಟ್ಟರು. ಊಟದೊಂದಿಗೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ನಡುನಡುವೆ ಟಾಫಿ ತಿಂದವರ ಹಲ್ಲುಗಳು ಹಾಳಾದವು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ತಿಳಿದು ಉತ್ತರ ಕೊಡುವ ಶಕ್ತಿ ಅನೇಕರಿಗೆ ಇರಲಿಲ್ಲ. ನಾವು ಇಂದು ಸುಲಭವಾಗಿ ಓದುವ ಪಾಠಕ್ಕೆ ಅವರು ತಮ್ಮ ಹಲ್ಲುಗಳನ್ನು ತೆತ್ತರು. ಅಲ್ಲಿಂದೀಚೆಗೆ ಆ ದೇಶದಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ವಾಡಿಕೆ ಬೇರೂರಿತು. ನಮ್ಮ ಹಿರಿಯರು ಸಂತೆಯ ದಿನ ಮಾತ್ರ ಬೆಂಡುಬತ್ತಾಸು ತರುತ್ತಿದ್ದರಲ್ಲವೇ? ಬಡತನದಿಂದಲೇ ತರುತ್ತಿದ್ದರೆನ್ನಿ, ಆದರೂ ಹಲ್ಲಿಗೆ ಅದು ಒಳ್ಳೇ ಏರ್ಪಾಡಾಗಿತ್ತು. ಈಗ ಅಂಗಡಿಯು ಮನೆಯ ಬಾಗಲಿಗೇ ಬಂದಿದೆ, ಮಗುವು ಅತ್ತಾಗಲೆಲ್ಲಾ ಒಂದು ಚಾಕಲೇಟು.

ಬೆಲ್ಲದಲ್ಲಿ ಸಕ್ಕರೆಗಿಲ್ಲದ ಕೆಲವು ಲವಣಗಳುಂಟು, ನಿಜ. ಆದರೆ ಅದರ ಹೆಚ್ಚಿನ ಪಾಲು ಸಕ್ಕರೆಯೇ ಆಗಿರುವದರಿಂದ ಹಲ್ಲಿನ ಮೇಲಣ ಜೀವಿಗಳು ಅದಕ್ಕೂ ಇದಕ್ಕೂ ಭೇದ ಮಾಡುವದಿಲ್ಲ. ಜೇನೂ ಹಾಗೆಯೇ, ಒಂದು ವರುಷ ತುಂಬದ ಕೂಸಿಗಂತೂ ಅದನ್ನು ನೆಕ್ಕಿಸಲೇಬಾರದು, ಪ್ರಾಣಕ್ಕೆ ಅಪಾಯ ತರುವ ವಿಷರೋಗವು ಅದರಿಂದ ಹುಟ್ಟಬಹುದು. ಸಕ್ಕರೆಗೆ ಬದಲಾದ ಸಿಹಿಗಳೂ ಪೇಟೆಯಲ್ಲಿವೆ. 1879ರಲ್ಲಿ ಕಂಡುಹಿಡಿಯಲ್ಪಟ್ಟ ಸ್ಯಾಕರಿನ್ ಹಲ್ಲಿನ ಜೀವಿಗಳಿಗೆ ಆಹಾರವಾಗುವದಿಲ್ಲ. ಝೈಲಿಟಾಲ್ ಎಂಬದೂ ಹಾಗೆಯೇ. 1970ರ ದಶಕದಲ್ಲಿ ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ಸಕ್ಕರೆಗೆ ಬದಲಾಗಿ ಇದನ್ನು ಕೊಟ್ಟು ನೋಡಿದಾಗ ಹುಳುಕು ಬಹಳ ಕಡಿಮೆಯಾಯಿತು. ಆದರೂ ಇದು ದುಬಾರಿ, ಹೆಚ್ಚಾದರೆ ಹೊಟ್ಟೆ ಕೆಡಿಸುತ್ತದೆ, ಮನೆಯ ನಾಯಿ ತಿಂದರೆ ಸಾಯಲೂ ಬಹುದು. ಹಳ್ಳಿಯವರು ಇದಕ್ಕಾಗಿ ಹಣ ಕಳೆಯಬೇಕೆಂದು ನಾನು ಹೇಳೆನು. ಸಕ್ಕರೆಯಿಲ್ಲವೆಂದು ಬರೆದಿರುವ ಸೋಡಾ ಪಾನಕಗಳಲ್ಲಿಯೂ ಹುಳಿಯಿರುವದರಿಂದ ಅವುಗಳಿಂದಲೂ ಹಲ್ಲು ಸವೆಯುತ್ತದೆ.

ಇನ್ನು ಅಜ್ಜಿಯ ಪುಡಿಗೆ ಬರೋಣ. ಕೆಲವು ಕೆಂಪು ಪುಡಿಗಳಿಗೆ ಆ ಬಣ್ಣ ಬರುವದು ಕಾವಿಮಣ್ಣಿನಿಂದ. ಅದೂ ಇಟ್ಟಿಗೆಪುಡಿಯೂ ಇದ್ದಿಲೂ ಹಲ್ಲನ್ನು ಉಜ್ಜಿ ಬೆಳಗುತ್ತಾ ಹೊರಪದರವನ್ನೇ ಸವೆಯಿಸುತ್ತವೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನೂ ಪೇಸ್ಟನ್ನೂ ನಮ್ಮ ದೇಶದಲ್ಲಿ 1992ರಲ್ಲಿಯೇ ನಿಷೇಧಿಸಲಾಯಿತು. ಆದರೂ ಹಲ್ಲುನೋವು ಶಮನವಾಗುವದೆಂದು ಹೊಗೆಸೊಪ್ಪನ್ನು ಒಸಡಿಗೆ ಒತ್ತಿಕೊಳ್ಳುವ ತಾಯಂದಿರು ಇದ್ದಾರೆ. ಬಾಯಿಯ ಕ್ಯಾನ್ಸರಿಗೆ ಅದೇ ದಾರಿ. ಬೇವಿನ ಕಡ್ಡಿಯನ್ನು ನಾನು ಹಳಿಯುವದಿಲ್ಲ. ಚೆನ್ನಾಗಿ ಜಗಿದು ಮೆತ್ತಗೆ ಮಾಡಿ ಒಸಡಿಗೆ ಗಾಯವಾಗದಂತೆ ತಿಕ್ಕಿದರೆ ಪಾಚಿ ಹೋಗುತ್ತದೆ. ಆದರೆ ಹಲ್ಲನ್ನು ಗಟ್ಟಿಮಾಡುವ ಫ್ಲೋರೈಡ್ ಅದರಲ್ಲಿಲ್ಲ. ಪೇಸ್ಟನ್ನು ಕೊಳ್ಳುವಾಗ ಬಣ್ಣವನ್ನೂ ನೊರೆಯನ್ನೂ ನೋಡದೆ ಫ್ಲೋರೈಡ್ ಎಂಬ ಮಾತನ್ನು ಹುಡುಕಿರಿ. ಸುಮಾರು 1000 ಪಿಪಿಎಂ ಇದ್ದರೆ ಸಾಕು. ಪೇಸ್ಟು ಸಿಹಿಯಾಗಿದೆಯಲ್ಲಾ ಎಂದು ಕೆಲವರು ಅಂಜುತ್ತಾರೆ. ಆ ರುಚಿ ಸಾಮಾನ್ಯವಾಗಿ ಸ್ಯಾಕರಿನ್ನಿನದು, ಅಂಜಬೇಕಾಗಿಲ್ಲ. ಮೂರು ವರುಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರ ವರೆಗೆ ಬಟಾಣಿಯಷ್ಟು. ದಿನಕ್ಕೆ ಎರಡು ಸಾರಿ, ಅದರಲ್ಲಿ ಒಂದು ಸಾರಿ ಮಲಗುವ ಮುಂಚೆಯೇ. ತಿಕ್ಕಿದ ಮೇಲೆ ಉಗುಳಬೇಕು, ನುಂಗಬಾರದು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಸೀಮೆಯ ಓದುಗರಿಗೆ ಒಂದು ಮಾತು. ಅಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವದರಿಂದ ಮಕ್ಕಳ ಹಲ್ಲುಗಳಲ್ಲಿ ಹಳದಿ, ಕಂದು ಕಲೆಗಳಾಗುತ್ತವೆ, ಎಲುಬುಗಳೂ ಕೆಡುತ್ತವೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಕುದಿಸಿದರೆ ಅದು ಹೋಗುವದಿಲ್ಲ. ಆದದರಿಂದ ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನೋ ಮಳೆನೀರನ್ನೋ ಕುಡಿಯಲಿಕ್ಕೆ ಇಟ್ಟುಕೊಳ್ಳಿರಿ.

ಆ ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: ಹಾಲನ್ನು ಬೆಲ್ಲವಿಲ್ಲದೆ ಲೋಟದಲ್ಲಿ ಕುಡಿಸಿ, ಹಲ್ಲು ತಿಕ್ಕಿ ಮಲಗಿಸು, ಬಾಟ್ಲಿ ಬೇಕೇಬೇಕೆಂದು ಹಟ ಹಿಡಿದರೆ ಬರೀ ನೀರು ತುಂಬಿಸಿ ಕೊಡು, ಕೆಟ್ಟ ಹಲ್ಲುಗಳನ್ನು ತಾಲೂಕಿನ ಆಸ್ಪತ್ರೆಯ ದಂತವೈದ್ಯರಿಗೆ ತೋರಿಸು. ಮೊನ್ನೆ ತಿರಿಗಿ ಹೋದಾಗ ಮಗುವಿನ ತಾಯಿಯು ನಗುತ್ತಾ, “ಮೂರು ರಾತ್ರಿ ಮನೆಯವರು ಯಾರೂ ಕಣ್ಣು ಮುಚ್ಚಲಿಲ್ಲ ಮೇಷ್ಟ್ರೇ, ಅಷ್ಟು ಅತ್ತ. ನಾಲ್ಕನೆಯ ರಾತ್ರಿ ಬಾಟ್ಲಿಯನ್ನು ತಾನೇ ಎಸೆದು ಮಲಗಿದ” ಎಂದಳು.